ಬಿಸಿಯಲ್ಲ, ಬಣ್ಣ: ಹಲ್ಲಿನ ಸಿಮೆಂಟಿನಿಂದ ತರಂಗದೂರದ ಪಾಠ

ಸಂದರ್ಭ

ಬೋಧನಾಭ್ಯಾಸದ ಎರಡನೇ ವಾರ ಹತ್ತನೇ ತರಗತಿಗೆ ಬೆಳಕಿನ ವರ್ಣವಿಭಜನೆಯ ಪಾಠ ಮಾಡಿದೆ. ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು, “ಮಿಸ್, ನನ್ನ ಹಲ್ಲಿಗೆ ಸಿಮೆಂಟ್ ತುಂಬಿ ಡಾಕ್ಟರ್ ನೀಲಿ ಲೈಟ್ ಹಿಡಿದರು, ತಕ್ಷಣ ಗಟ್ಟಿಯಾಯಿತು. ನೀಲಿಯೇ ಯಾಕೆ? ಟಾರ್ಚ್ ಸಾಲದಾ?” ಎಂದು ಕೇಳಿದಳು. “ಆ ಲೈಟಿನ ಬಿಸಿಗೆ ಒಣಗುತ್ತದೆ, ಟಾರ್ಚಿಗೆ ಅಷ್ಟು ಬಿಸಿ ಇಲ್ಲ” ಎಂದು ತಡವರಿಸದೆ ಹೇಳಿಬಿಟ್ಟೆ. ಗಂಟೆ ಬಾರಿಸಿತು. ಮಾರ್ಗದರ್ಶಕರು ವೀಕ್ಷಣಾ ಪುಸ್ತಕದಲ್ಲಿ ಬರೆದದ್ದು ಎರಡೇ ಪದ: “ಉತ್ತರ ಸರಿಯೇ?”

ಸರಿಯಿರಲಿಲ್ಲ. ಆ ರಾತ್ರಿ ಓದಿಕೊಂಡು ಮರುದಿನದ ಪಾಠಯೋಜನೆಯನ್ನು ಬದಲಿಸಿದೆ.

ವಿಷಯ

ಹಲ್ಲಿನ ಬಣ್ಣದ ಈ ‘ಸಿಮೆಂಟ್’ ಎಂದರೆ ಕಾಂಪೋಸಿಟ್. ಅದರಲ್ಲಿ ಗಾಜಿನಂಥ ನುಣ್ಣನೆಯ ಪುಡಿ ಮತ್ತು ದ್ವಿಬಂಧವಿರುವ ಸಣ್ಣ ಅಣುಗಳ ರಾಳ ಇರುತ್ತವೆ. ದ್ವಿಬಂಧಗಳು ತೆರೆದು ಅಣುಗಳು ಒಂದಕ್ಕೊಂದು ಸರಪಳಿಯಾಗಿ ಬೆಸೆದಾಗ ಅದು ಗಟ್ಟಿಯಾಗುತ್ತದೆ. ಇದು ಒಣಗುವುದಲ್ಲ, ರಾಸಾಯನಿಕ ಕ್ರಿಯೆ.

ಈ ಕ್ರಿಯೆಯನ್ನು ಆರಂಭಿಸಲು ಸಾಮಾನ್ಯವಾಗಿ ಬಳಸುವ ವಸ್ತು ಕ್ಯಾಂಫರ್‌ಕ್ವಿನೋನ್. ಕರ್ಪೂರದಿಂದ ಪಡೆಯಬಹುದಾದ ಹಳದಿ ಪುಡಿ. ಅದು ನೀಲಿಯನ್ನು ಹೀರುವುದರಿಂದಲೇ ಹಳದಿಯಾಗಿ ಕಾಣುತ್ತದೆ. ಸುಮಾರು 470 ನ್ಯಾನೋಮೀಟರ್ ತರಂಗದೂರದ ಬೆಳಕನ್ನು ಅದು ಅತಿ ಹೆಚ್ಚು ಹೀರುತ್ತದೆ. ಕೆಂಪು ಬೆಳಕನ್ನು ಹೀರುವುದಿಲ್ಲ; ಎಷ್ಟು ಪ್ರಖರವಾಗಿದ್ದರೂ ಪ್ರಯೋಜನವಿಲ್ಲ.

ಹಾಗಾದರೆ ಇನ್ನೂ ಚಿಕ್ಕ ತರಂಗದೂರ ಇನ್ನೂ ಉತ್ತಮವೇ? ಅಲ್ಲ. 405 ನ್ಯಾನೋಮೀಟರಿನ ನೇರಳೆ ಬೆಳಕಿನ ಫೋಟಾನ್‌ಗೆ ಶಕ್ತಿ ಹೆಚ್ಚಿದ್ದರೂ ಕ್ಯಾಂಫರ್‌ಕ್ವಿನೋನ್ ಅದನ್ನು ಕಡಿಮೆ ಹೀರುತ್ತದೆ. ಆದರೆ ಹಳದಿ ಛಾಯೆ ಬೇಡವಾದ ಬಿಳಿ ಕಾಂಪೋಸಿಟ್‌ಗಳಲ್ಲಿ ಟಿಪಿಒ ಎಂಬ ಬೇರೆ ವಸ್ತು ಇರಬಹುದು. ಅದಕ್ಕೆ ನೇರಳೆಯೇ ಬೇಕು. ನೀಲಿ ಮಾತ್ರ ಕೊಡುವ ಎಲ್‌ಇಡಿ ಅಲ್ಲಿ ಸೋಲುತ್ತದೆ. ಆದ್ದರಿಂದ ಕೆಲವು ಉಪಕರಣಗಳಲ್ಲಿ ನೀಲಿ, ನೇರಳೆ ಎರಡೂ ಎಲ್‌ಇಡಿಗಳಿರುತ್ತವೆ. ನೇರಳೆ ಹೆಚ್ಚು ಚದುರುವುದರಿಂದ ಆಳಕ್ಕೆ ಕಡಿಮೆ ತಲುಪುತ್ತದೆ. ಆಕಾಶ ನೀಲಿಯಾಗಿರುವುದರ ಪಾಠ ಇಲ್ಲಿ ನೆರವಿಗೆ ಬಂತು.

ತರಂಗದೂರ ಹೊಂದಿದ ಮೇಲೆ ತೀವ್ರತೆ, ಸಮಯ, ದೂರ ಮುಖ್ಯವಾಗುತ್ತವೆ. ಸಾಮಾನ್ಯ ಕಾಂಪೋಸಿಟನ್ನು ಸುಮಾರು 2 ಮಿಲಿಮೀಟರ್ ಪದರಗಳಲ್ಲಿ ತುಂಬುತ್ತಾರೆ. ಬೆಳಕು ಸಾಲದಿದ್ದರೆ ಮೇಲ್ಮೈ ಗಟ್ಟಿಯಾಗಿ, ತಳ ಮೆತ್ತಗೆ ಉಳಿಯಬಹುದು; ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ಚಟುವಟಿಕೆ

ಕತ್ತಲೆಯಲ್ಲಿ ಹೊಳೆಯುವ ನಕ್ಷತ್ರದ ಸ್ಟಿಕ್ಕರನ್ನು ರಾತ್ರಿಯಿಡೀ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ. ತರಗತಿಯ ಕಿಟಕಿ ಮುಚ್ಚಿ, ಮೂರು ಕೆಂಪು ಎಲ್‌ಇಡಿಗಳನ್ನು ಅದರ ಮೇಲೆ ಎರಡು ನಿಮಿಷ ಹಿಡಿದೆ. ಹೊಳೆಯಲಿಲ್ಲ. ಒಂದೇ ನೀಲಿ ಎಲ್‌ಇಡಿಯನ್ನು ಹತ್ತು ಸೆಕೆಂಡ್ ಹಿಡಿದೆ. ನಕ್ಷತ್ರ ಹಸಿರಾಗಿ ಬೆಳಗಿತು. “ನಿನ್ನೆ ನಾನು ಹೇಳಿದ ಉತ್ತರ ತಪ್ಪು. ಯಾಕೆ ತಪ್ಪು ಎಂದು ನೀವೇ ಹೇಳಿ” ಎಂದೆ. “ಕೆಂಪು ಮೂರಿದ್ದರೂ ಆಗಲಿಲ್ಲ, ಲೆಕ್ಕಕ್ಕೆ ಬರುವುದು ಬಣ್ಣ” ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು.

ಒಂದು ಎಚ್ಚರಿಕೆ: ಸ್ಟಿಕ್ಕರ್ ಕೇವಲ ಮಾದರಿ. ಅದು ಬೆಳಕನ್ನು ಹೀರಿ ಮರಳಿ ಹೊರಸೂಸುತ್ತದೆ, ಗಟ್ಟಿಯಾಗುವುದಿಲ್ಲ. ಈ ವ್ಯತ್ಯಾಸವನ್ನು ಮಕ್ಕಳಿಗೆ ಹೇಳಲೇಬೇಕು.

ಟಾರ್ಚಿನ ಪ್ರಶ್ನೆಗೂ ಉತ್ತರಿಸಿದೆವು. ಬಿಳಿ ಎಲ್‌ಇಡಿ ಟಾರ್ಚಿನಲ್ಲಿ ನೀಲಿ ಇದೆ. ಮೇಲ್ಪದರ ನಿಧಾನವಾಗಿ ಗಟ್ಟಿಯಾಗತೊಡಗಬಹುದು, ಆಳಕ್ಕೆ ಸಾಲದು. ವೈದ್ಯರು ತುಂಬುವ ಮೊದಲೇ ಕಾಂಪೋಸಿಟನ್ನು ಬೆಳಕಿನಿಂದ ಮರೆಮಾಡುವುದೂ ಇದಕ್ಕೇ.

ಮೌಲ್ಯಮಾಪನ

“ನೀಲಿ ಲೈಟ್ ಹಿಡಿಯುವಾಗ ಕಿತ್ತಳೆ ಬಣ್ಣದ ಕನ್ನಡಕ ಏಕೆ?” ಎಂಬುದಕ್ಕೆ ಹೆಚ್ಚಿನವರು “ಕಿತ್ತಳೆ ನೀಲಿಯನ್ನು ಹೀರಿ ಕಣ್ಣನ್ನು ಕಾಪಾಡುತ್ತದೆ” ಎಂದು ಬರೆದರು. ಆದರೆ ಕೆಲವರು “ನೇರಳೆಗೆ ಶಕ್ತಿ ಹೆಚ್ಚು, ಅದೇ ಯಾವಾಗಲೂ ಒಳ್ಳೆಯದು” ಎಂದೂ ಬರೆದಿದ್ದರು. ಹೊಂದಾಣಿಕೆಯ ಅಂಶಕ್ಕೆ ನಾನು ಕೊಟ್ಟ ಸಮಯ ಕಡಿಮೆಯಾಗಿತ್ತು. ಮುಂದಿನ ಸಲ ಅದಕ್ಕೊಂದು ಹೀರಿಕೆಯ ನಕ್ಷೆ ಬರೆಯುತ್ತೇನೆ.

ನಾನು ಕಲಿತದ್ದು

“ನಾಳೆ ನೋಡಿಕೊಂಡು ಬಂದು ಹೇಳುತ್ತೇನೆ” ಎನ್ನಲು ನನಗೆ ಅಂದು ಧೈರ್ಯ ಸಾಲಲಿಲ್ಲ. ತಪ್ಪು ಒಪ್ಪಿಕೊಂಡರೆ ಮಕ್ಕಳು ಹಗುರವಾಗಿ ಕಾಣುತ್ತಾರೆ ಎಂಬ ಅಳುಕಿತ್ತು. ಆದರೆ ಮರುದಿನ ಬಂದಷ್ಟು ಪ್ರಶ್ನೆಗಳು ಆ ವಾರದ ಬೇರಾವ ಪಾಠದಲ್ಲೂ ಬರಲಿಲ್ಲ.