ಮುಚ್ಚಿಡಬೇಡಿ

ಹೋಳಿಯ ಆಸುಪಾಸಿನಲ್ಲಿ ಬೀದರ್ ಬಳಿಯ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿಯ ಗುಮ್ಮಟಕ್ಕೆ ಹರಕೆ ಹೊತ್ತು ಬರುವವರಲ್ಲಿ ಲಿಂಗಾಯತರೂ ಮುಸ್ಲಿಮರೂ ಇದ್ದಾರೆ. ಹರಕೆ ಹೊರಿ, ಯಾರು ಬೇಡ ಅಂದಾರು? ಬೀದರಿನ ಬ್ರಿಮ್ಸ್ ಆಸ್ಪತ್ರೆಯ ಚೀಟಿಯೂ ಜೊತೆಗಿರಲಿ. ಕಷ್ಟ ಬರುವುದು ಮನೆಮದ್ದು, ನಾಟಿ ಔಷಧಿ ತೆಗೆದುಕೊಳ್ಳುವುದನ್ನು ಡಾಕ್ಟರಿಂದ ಮುಚ್ಚಿಟ್ಟಾಗ. ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ, ಮೇಲೆ ಹಾಗಲಕಾಯಿ ರಸವನ್ನೂ ಕುಡಿದರೆ ಸಕ್ಕರೆ ತೀರಾ ಇಳಿದು ಬೆವರು, ನಡುಕ ಬರಬಹುದು. ಕೆಮ್ಮಿಗೆಂದು ದಿನವೂ ಜ್ಯೇಷ್ಠಮಧು ಜಗಿದರೆ ಬಿ.ಪಿ. ಏರೀತು. ಯೋಗ, ಧ್ಯಾನ ಧಾರಾಳವಾಗಿ ಮಾಡಿ. ಇನ್ಸುಲಿನ್ ಮಾತ್ರ ಸ್ವಂತ ಬುದ್ಧಿಯಿಂದ ನಿಲ್ಲಿಸಬೇಡಿ. ಕೆಮ್ಮು ನಿಂತಿತೆಂದು ಟಿ.ಬಿ. ಗುಳಿಗೆ ನಡುವೆಯೇ ಬಿಟ್ಟರೆ, ಔಷಧಕ್ಕೂ ಬಗ್ಗದ ರೋಗವಾಗಿ ಮರಳೀತು. ಮುಂದಿನ ಸಲ ತೋರಿಸಲು ಹೋಗುವಾಗ ಪುಡಿ, ಭಸ್ಮ, ಕಷಾಯದ ಬಾಟಲಿ ಎಲ್ಲವನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ, ಡಾಕ್ಟರ ಟೇಬಲ್ಲಿನ ಮೇಲೆ ಇಡಿ. ಬೈದರೆ ಬೈಯಲಿ.