ಮಂಗಳೂರು ಕೋಟೆಯ ಕದನವಿರಾಮ

1783ರ ಮೇ ತಿಂಗಳಲ್ಲಿ ಟಿಪ್ಪು ಸುಲ್ತಾನನ ಸೇನೆಯು ಮಂಗಳೂರು ಕೋಟೆಯನ್ನು ಮುತ್ತಿತು. ಒಳಗೆ ಜಾನ್ ಕ್ಯಾಂಪ್‌ಬೆಲ್ಲನ ನಾಯಕತ್ವದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ದಂಡಿತ್ತು. ಯೂರೋಪಿನಲ್ಲಿ ಆಂಗ್ಲರಿಗೂ ಫ್ರೆಂಚರಿಗೂ ಸಂಧಾನವಾದ ವಾರ್ತೆ ಬಂದೊಡನೆ, ಸುಲ್ತಾನನ ಮಿತ್ರರಾದ ಫ್ರೆಂಚರು ಯುದ್ಧದಿಂದ ಹಿಂದೆ ಸರಿದರು. ಆಗಸ್ಟ್ 2ರಂದು ಕದನವಿರಾಮವಾಯಿತು.

ಫಿರಂಗಿಗಳೇನೋ ಮೌನ ತಾಳಿದವು, ಅಪನಂಬಿಕೆ ಅಳಿಯಲಿಲ್ಲ. ಕೋಟೆಗೆ ಸಲ್ಲಬೇಕಾದ ಆಹಾರದ ವಿಷಯದಲ್ಲಿ ವಿವಾದಗಳೆದ್ದವು. ಹಸಿವೂ ರೋಗವೂ ಸೈನಿಕರನ್ನು ಕಾಡಿದವು. ಕೊನೆಗೆ 1784ರ ಜನವರಿ 30ರಂದು ಕ್ಯಾಂಪ್‌ಬೆಲ್ಲನು ಕೋಟೆಯನ್ನು ಒಪ್ಪಿಸಿದನು. ಅವನ ದಂಡು ಸೈನಿಕ ಮರ್ಯಾದೆಯೊಡನೆ ತಲಚೇರಿಗೆ ತೆರಳಿತು.

ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಗೆದ್ದ ನೆಲವನ್ನೂ ಸೆರೆಯಾಳುಗಳನ್ನೂ ಪರಸ್ಪರ ಹಿಂದಿರುಗಿಸಬೇಕೆಂದು ನಿರ್ಧಾರವಾಯಿತು. ಆದರೂ 1790ರಲ್ಲಿ ಉಭಯರೂ ಮತ್ತೆ ರಣರಂಗಕ್ಕಿಳಿದರು. ಆಯುಧಗಳನ್ನು ತಡೆಯಲು ಒಂದು ಸಹಿ ಸಾಕು. ಶಾಂತಿ ನೆಲೆಗೊಳ್ಳಬೇಕಾದರೆ ಕೊಟ್ಟ ಮಾತು ದಿನದಿನವೂ ನಡೆಯಬೇಕು.