ಚೆಂಡು ಹಿಡಿಯುವುದು ಕಾಲು

ಅಮೆರಿಕದ ಶಾಲಾ ತಂಡಗಳಲ್ಲಿ ಬೇಸ್‌ಬಾಲ್ ಆಡುತ್ತಿರುವ ನಮ್ಮ ಕನ್ನಡದ ಮನೆಗಳ ಮಕ್ಕಳೇ, ಅದರಲ್ಲೂ ಶಾರ್ಟ್‌ಸ್ಟಾಪ್, ಸೆಕೆಂಡ್ ಬೇಸ್, ಥರ್ಡ್ ಬೇಸ್‌ಗಳಲ್ಲಿ ನಿಲ್ಲುವವರೇ, ಹಿರಿಯನ ಒಂದು ಮಾತು ಕೇಳಿ. ಚೆಂಡು ತಪ್ಪಿದಾಗಲೆಲ್ಲ ನೀವು ಗ್ಲೌ ನೋಡಿಕೊಳ್ಳುತ್ತೀರಿ. ನೋಡಿಕೊಳ್ಳಬೇಕಾದದ್ದು ಕಾಲನ್ನು.

ಗಂಟೆಗೆ 160 ಕಿ.ಮೀ. ವೇಗದಲ್ಲಿ ಬ್ಯಾಟಿನಿಂದ ಸಿಡಿದ ಚೆಂಡು ಥರ್ಡ್ ಬೇಸ್ ತಲುಪಲು ಒಂದು ಸೆಕೆಂಡೂ ಬೇಡ. ಹೊಡೆತ ಬಿದ್ದ ಮೇಲೆ ಸಿದ್ಧರಾಗುತ್ತೇವೆಂದರೆ ಆಗದು. ಪಿಚರ್ ಎಸೆದ ಚೆಂಡು ಬ್ಯಾಟರ್ ಹತ್ತಿರ ಬರುವಷ್ಟರಲ್ಲೇ ಮಂಡಿ ಬಗ್ಗಿರಬೇಕು, ಸೊಂಟ ಇಳಿದಿರಬೇಕು, ಮೈಭಾರ ಅಂಗಾಲಿನ ಮುಂಭಾಗಕ್ಕೆ ಬಂದಿರಬೇಕು. ಒಂಬತ್ತು ಇನ್ನಿಂಗ್ಸ್‌ನ ಪಂದ್ಯದಲ್ಲಿ ಹೀಗೆ ನೂರಕ್ಕೂ ಹೆಚ್ಚು ಸಲ ಸಜ್ಜಾಗಬೇಕು. ನಿಮ್ಮತ್ತ ಬರುವ ಚೆಂಡು ಮಾತ್ರ ಕೆಲವೇ ಕೆಲವು. ಯಾವಾಗ ಬರುತ್ತದೆಂದು ಯಾರೂ ಹೇಳಲಾರರು.

ತೊಡೆ ದಣಿದರೆ ಸೊಂಟ ತಾನಾಗಿಯೇ ಮೇಲೇಳುತ್ತದೆ. ಗ್ಲೌ ನೆಲಕ್ಕೆ ತಾಗುವುದಿಲ್ಲ, ಚೆಂಡು ಅದರಡಿ ನುಸುಳಿ ಹೋಗುತ್ತದೆ. ಪಕ್ಕಕ್ಕೆ ಇಡುವ ಮೊದಲ ಹೆಜ್ಜೆ ತುಸು ತಡವಾದರೂ, ಮೈ ಎದುರಿಗೆ ಹಿಡಿಯಬಹುದಾಗಿದ್ದ ಚೆಂಡಿಗೆ ಕೈ ಚಾಚಬೇಕಾಗುತ್ತದೆ. ಫಸ್ಟ್ ಬೇಸಿಗೆ 90 ಅಡಿ ಓಡಲು ಚುರುಕಿನ ಬ್ಯಾಟರ್‌ಗೆ ನಾಲ್ಕು ಸೆಕೆಂಡಿನ ಆಚೀಚೆ ಸಾಕು. ಆ ಅವಸರದಲ್ಲಿ ಕಾಲೂರದೆ ಎಸೆದರೆ ಎಸೆತ ದಿಕ್ಕು ತಪ್ಪುತ್ತದೆ. ಲೆಕ್ಕದಲ್ಲಿ ಬರೆಯುವುದು ಎರರ್ ಎಂದಷ್ಟೇ. ಕಾರಣ ದಣಿದ ಕಾಲು.

ನ್ಯೂಯಾರ್ಕ್ ಯಾಂಕೀಸ್‌ನ ಡೆರೆಕ್ ಜೀಟರ್ ಪಕ್ಕಕ್ಕೆ ಸರಿಯುವುದರಲ್ಲಿ ನಿಧಾನ ಎಂಬ ಟೀಕೆ ಬಹುಕಾಲ ಇತ್ತು. ಅಷ್ಟು ದೊಡ್ಡ ಆಟಗಾರನಾದರೂ ಅವರು ಬಿಗುಮಾನ ತೋರಲಿಲ್ಲ. 2007ರ ಸೀಸನ್ ಮುಗಿದ ಮೇಲೆ ಪಕ್ಕದ ಚಲನೆಗೆಂದೇ ಕಸರತ್ತು ಮಾಡಿದರು. 2009ರಲ್ಲಿ, 35ರ ವಯಸ್ಸಿನಲ್ಲಿ, ಇಡೀ ಸೀಸನ್‌ಗೆ 8 ಎರರ್ ಮಾತ್ರ. ಗೋಲ್ಡ್ ಗ್ಲೌ ಪ್ರಶಸ್ತಿಯೂ ಅವರದಾಯಿತು. ಸತತ 2,632 ಪಂದ್ಯ ಆಡಿದ ಕ್ಯಾಲ್ ರಿಪ್ಕೆನ್ 1990ರಲ್ಲಿ ಶಾರ್ಟ್‌ಸ್ಟಾಪ್ ಜಾಗದಲ್ಲಿ ಮಾಡಿದ ಎರರ್ ಕೇವಲ 3. ಅವರಿಗಿದ್ದದ್ದು ಮೈಕಟ್ಟು ಒಂದೇ ಅಲ್ಲ. ಯಾವ ಬ್ಯಾಟರ್ ಎತ್ತ ಹೊಡೆಯುತ್ತಾನೆಂದು ಓದಿಕೊಂಡು ನಿಲ್ಲುವ ಜಾಣ್ಮೆಯೂ ಇತ್ತು. ಆದರೆ ದಿನವೂ ಮೈದಾನಕ್ಕಿಳಿಯುವ ಮೈ ಇಲ್ಲದಿದ್ದರೆ ಆ ಜಾಣ್ಮೆ ಬೆಂಚಿನ ಮೇಲೇ ಉಳಿಯುತ್ತಿತ್ತು.

ಹಾಗಾಗಿ ತೋಳು ಉಬ್ಬಿಸುವುದಕ್ಕೇ ಜಿಮ್ಮಿಗೆ ಹೋಗಬೇಡಿ. ಬಸ್ಕಿ ಹೊಡೆಯಿರಿ. ಬಗ್ಗಿದ ಮಂಡಿಯಲ್ಲೇ ಅಡ್ಡಡ್ಡ ಹೆಜ್ಜೆ ಹಾಕಿ. ನಾಲ್ಕೈದು ಹೆಜ್ಜೆ ರಭಸದಿಂದ ಓಡಿ, ಗಕ್ಕನೆ ನಿಂತು, ಹಿಂದಿರುಗುವುದನ್ನು ರೂಢಿಸಿಕೊಳ್ಳಿ. ಸೊಂಟ, ಹೊಟ್ಟೆ, ಬೆನ್ನು ಗಟ್ಟಿಯಾಗಲಿ. ಅಭ್ಯಾಸದ ಕೊನೆಗೆ, ದಣಿದಿರುವಾಗಲೂ ಒಂದಿಷ್ಟು ಗ್ರೌಂಡ್ ಬಾಲ್ ಹಿಡಿಯಿರಿ. ಸೊಂಟ ಎಲ್ಲಿ ಮೇಲೇಳುತ್ತದೆಂದು ಆಗ ತಿಳಿಯುತ್ತದೆ. ಭುಜ ನೋಯುತ್ತಿದ್ದರೆ ಮುಚ್ಚಿಡಬೇಡಿ, ಕೋಚ್‌ಗೆ ಹೇಳಿ. ನಿಮ್ಮ ವಯಸ್ಸಿಗೆ ಎಂಟು ಗಂಟೆಯಾದರೂ ನಿದ್ದೆ ಬೇಕು. ಅದನ್ನು ಮೊಬೈಲಿಗೆ ಕೊಡಬೇಡಿ. ತೂಕ ಇಳಿಸಬೇಕೆಂದು ಊಟ ಬಿಡಬೇಡಿ.

ಮೃದುವಾದ ಕೈ ಎಲ್ಲರಿಗೂ ಹುಟ್ಟಿನಿಂದ ಬರುವುದಿಲ್ಲ. ಗಟ್ಟಿ ಕಾಲನ್ನು ಮಾತ್ರ ಯಾರು ಬೇಕಾದರೂ ದುಡಿದು ಗಳಿಸಬಹುದು. ನಾಳೆಯಿಂದಲೇ ಶುರುಮಾಡಿ, ಸೀಸನ್ ಮುಗಿದರೂ ನಿಲ್ಲಿಸಬೇಡಿ.